ಕೇಂಬ್ರಿಡ್ಜ್ ಎನ್ವಿರಾನ್ಮೆಂಟಲ್ ಮ್ಯಾನೇಜ್‌ಮೆಂಟ್ ಪರೀಕ್ಷೆ: ಯಾರಿಗೆ ಯಾವ ತಯಾರಿ ಸರಿ?

ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ, ದುಬೈ ಮಸ್ಕತ್ ಕಡೆ ಇರುವ ಕನ್ನಡದ ಮನೆಗಳಲ್ಲಿ, ಐಜಿಸಿಎಸ್‌ಇಗೆ (ಕೇಂಬ್ರಿಡ್ಜ್‌ನ ಹತ್ತನೇ ತರಗತಿ ಮಟ್ಟದ ಪರೀಕ್ಷೆ) ವಿಷಯ ಆರಿಸುವ ಹೊತ್ತಿಗೆ ಒಂದು ಮಾತು ಕೇಳಿಬರುತ್ತದೆ: "ಎನ್ವಿರಾನ್ಮೆಂಟಲ್ ಮ್ಯಾನೇಜ್‌ಮೆಂಟ್ ತಗೊ, ಸುಲಭ. ಸುಮ್ನೆ ಓದ್ಕೊಂಡ್ರೆ ಸಾಕು." ಇದರಲ್ಲಿ ಅರ್ಧ ನಿಜ ಇದೆ. ಓದಿದ್ದು ಬೇಗ ಅರ್ಥವಾಗುತ್ತದೆ. ಆದರೆ ಬರೀ ಓದಿದವರಿಗೆ ಒಳ್ಳೆಯ ಗ್ರೇಡ್ ಬರುವುದಿಲ್ಲ. ನಾನು ಈ ವಿಷಯವನ್ನು ಪಾಠ ಮಾಡುವವಳು. ಪುಸ್ತಕವನ್ನು ಎರಡೆರಡು ಸಲ ಮುಗಿಸಿದ ಮಕ್ಕಳು ನಿರಾಸೆಯಿಂದ ಬರುವುದನ್ನು ನೋಡಿದ್ದೇನೆ. ಅವರು ಕಡಿಮೆ ಓದಿದ್ದರು ಅಂತಲ್ಲ. ಈ ಪರೀಕ್ಷೆ ಕೇಳುವುದು ಒಂದು, ಅವರು ತಯಾರಿ ಮಾಡಿಕೊಂಡಿದ್ದು ಇನ್ನೊಂದು.

ಹಾಗಾಗಿ ತಯಾರಿಯ ಬೇರೆ ಬೇರೆ ದಾರಿಗಳನ್ನು ಪಕ್ಕಪಕ್ಕ ಇಟ್ಟು, ಯಾವುದು ಯಾರಿಗೆ ಕೆಲಸಕ್ಕೆ ಬರುತ್ತದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆಯನ್ನೇ ನೋಡಿ

0680 ಅನ್ನುವುದು ಈ ವಿಷಯದ ಕೋಡ್. ಎರಡು ಪೇಪರ್ ಇವೆ, ಎರಡನ್ನೂ ಎಲ್ಲರೂ ಬರೆಯಬೇಕು. ಪ್ರತಿಯೊಂದಕ್ಕೂ 80 ಅಂಕ, 1 ಗಂಟೆ 45 ನಿಮಿಷ. ಒಟ್ಟು ಫಲಿತಾಂಶದಲ್ಲಿ ಎರಡಕ್ಕೂ ಅರ್ಧರ್ಧ ಪಾಲು. ಕೋರ್, ಎಕ್ಸ್‌ಟೆಂಡೆಡ್ ಅಂತ (ಸುಲಭದ್ದು, ಕಷ್ಟದ್ದು ಅನ್ನುವ) ಭಾಗ ಇಲ್ಲ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ.

ಪೇಪರ್ 1 ಥಿಯರಿ. ಮೊದಲ 20 ಅಂಕಗಳಿಗೆ ಚಿಕ್ಕ ಪ್ರಶ್ನೆಗಳು. ಉಳಿದ 60 ಅಂಕಗಳ ಭಾಗದಲ್ಲಿ ನಕ್ಷೆ, ಚಿತ್ರ, ಕೋಷ್ಟಕ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಉದ್ದ ಉತ್ತರದ ಪ್ರಶ್ನೆಗಳೂ ಅಲ್ಲೇ ಬರುತ್ತವೆ. ಪೇಪರ್ 2ರ ರೀತಿಯೇ ಬೇರೆ. ಸಾಮಾನ್ಯವಾಗಿ ಯಾವುದೋ ಒಂದು ದೇಶದ ನಕ್ಷೆ, ಜನಸಂಖ್ಯೆ, ಹವಾಮಾನ, ಮುಖ್ಯ ಕಸುಬುಗಳ ವಿವರ ಕೊಡುತ್ತಾರೆ. ಅಲ್ಲಿನ ಸಮಸ್ಯೆಗಳನ್ನು ಹೇಗೆ ನಿಭಾಯಿಸಬೇಕು ಅಂತ ಕೇಳುತ್ತಾರೆ. ಗ್ರಾಫ್ ಬಿಡಿಸಬೇಕು, ಲೆಕ್ಕ ಮಾಡಬೇಕು, ಸರ್ವೆಯ ಪ್ರಶ್ನಾವಳಿ ಹೇಗಿರಬೇಕು ಅಂತ ಹೇಳಬೇಕು. ಆ ದೇಶದ ಬಗ್ಗೆ ನಿಮಗೆ ಮೊದಲೇ ಏನೂ ಗೊತ್ತಿರಬೇಕಿಲ್ಲ. ಕೊಟ್ಟಿದ್ದನ್ನು ಓದಿ ಬಳಸಲು ಗೊತ್ತಿರಬೇಕು, ಅಷ್ಟೇ.

ಪಠ್ಯದಲ್ಲಿ ಒಂಬತ್ತು ಘಟಕಗಳು: ಕಲ್ಲು ಮತ್ತು ಖನಿಜ, ಇಂಧನ, ಕೃಷಿ, ನೀರು, ಸಾಗರ ಮತ್ತು ಮೀನುಗಾರಿಕೆ, ನೈಸರ್ಗಿಕ ವಿಕೋಪ, ವಾತಾವರಣ, ಜನಸಂಖ್ಯೆ, ಪರಿಸರ ವ್ಯವಸ್ಥೆ. ನೀವು ಪರೀಕ್ಷೆ ಬರೆಯುವ ವರ್ಷದ ಸಿಲಬಸ್ಸನ್ನು ಕೇಂಬ್ರಿಡ್ಜ್‌ನ ವೆಬ್‌ಸೈಟಿನಿಂದ ಇಳಿಸಿಕೊಂಡು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಯಾವ ದಾರಿ ಹಿಡಿದರೂ ಇದು ಬೇಕೇ ಬೇಕು.

ಪುಸ್ತಕವೋ, ಹಳೆಯ ಪ್ರಶ್ನೆಪತ್ರಿಕೆಯೋ?

ದೊಡ್ಡ ಆಯ್ಕೆ ಇದೇ. ಮನೆಯವರು ಸಾಮಾನ್ಯವಾಗಿ "ಮೊದಲು ಪುಸ್ತಕ ಪೂರ್ತಿ ಮುಗಿಸು, ಆಮೇಲೆ ಪೇಪರ್ ಬಿಡಿಸು" ಅನ್ನುತ್ತಾರೆ. ಎಸ್‌ಎಸ್‌ಎಲ್‌ಸಿ ಓದಿದ ನಮಗೆಲ್ಲ ಅದೇ ರೂಢಿ. ಆದರೆ ಈ ವಿಷಯಕ್ಕೆ ನಾನು ಅದನ್ನು ಹೇಳುವುದಿಲ್ಲ. ಒಂದು ಘಟಕ ಓದಿ, ತಕ್ಷಣ ಆ ಘಟಕದ ಹಳೆಯ ಪ್ರಶ್ನೆಗಳನ್ನು ಬಿಡಿಸಿ. ಆಮೇಲೆ ಮುಂದಿನ ಘಟಕ.

ಪುಸ್ತಕ ಓದುವಾಗ ಎಲ್ಲವೂ ಗೊತ್ತಿರುವ ಹಾಗೆ ಅನ್ನಿಸುತ್ತದೆ. ಕಾಡು ಕಡಿದರೆ ಮಣ್ಣು ಕೊಚ್ಚಿಹೋಗುತ್ತದೆ, ಯಾರಿಗೆ ಗೊತ್ತಿಲ್ಲ ಹೇಳಿ? ಆದರೆ "ಮರ ಕಡಿದರೆ ಮಣ್ಣಿನ ಸವೆತ ಏಕೆ ಹೆಚ್ಚುತ್ತದೆ, ವಿವರಿಸಿ" ಅಂತ ಮೂರು ಅಂಕಕ್ಕೆ ಕೇಳಿದಾಗ, "ಮಣ್ಣು ಕೊಚ್ಚಿಹೋಗುತ್ತದೆ" ಅಂತ ಬರೆದರೆ ಪ್ರಶ್ನೆಯನ್ನೇ ತಿರುಗಿಸಿ ಬರೆದ ಹಾಗಾಯಿತು. ಎಲೆಗಳ ಹೊದಿಕೆ ಇಲ್ಲದೆ ಮಳೆಹನಿ ನೇರವಾಗಿ ಮಣ್ಣಿಗೆ ಬಡಿಯುತ್ತದೆ. ಮಣ್ಣನ್ನು ಹಿಡಿದಿಟ್ಟಿದ್ದ ಬೇರುಗಳು ಇಲ್ಲವಾಗುತ್ತವೆ. ನೀರು ಇಂಗುವುದು ಕಡಿಮೆಯಾಗಿ, ಮೇಲೆ ಹರಿಯುವುದು ಜಾಸ್ತಿಯಾಗುತ್ತದೆ. ಈ ಮೂರು ಹೆಜ್ಜೆಗಳಿಗೆ ಮೂರು ಅಂಕ. ಹೀಗೆ ಬಿಡಿಸಿ ಬರೆಯುವುದು ಪುಸ್ತಕ ಓದುವುದರಿಂದ ಬರುವುದಿಲ್ಲ. ನೀವೇ ಬರೆದು, ಮಾರ್ಕ್ ಸ್ಕೀಮ್ (ಯಾವ ಅಂಶಕ್ಕೆ ಎಷ್ಟು ಅಂಕ ಅಂತ ಕೇಂಬ್ರಿಡ್ಜ್ ಕೊಡುವ ಪಟ್ಟಿ) ಜೊತೆ ಹೋಲಿಸಿ ನೋಡಿದಾಗ ಮಾತ್ರ ಬರುತ್ತದೆ.

ಹಾಗಂತ ಬರೀ ಹಳೆಯ ಪೇಪರ್‌ಗಳನ್ನೇ ನೆಚ್ಚಿಕೊಂಡರೂ ಕಷ್ಟ. ಮಾರ್ಕ್ ಸ್ಕೀಮನ್ನು ಬಾಯಿಪಾಠ ಮಾಡುವ ಮಕ್ಕಳಿದ್ದಾರೆ. ಅದೇ ವಿಷಯವನ್ನು ಬೇರೆ ದೇಶದ ಸಂದರ್ಭದಲ್ಲಿ ಕೇಳಿದರೆ ಅವರು ತಬ್ಬಿಬ್ಬಾಗುತ್ತಾರೆ. ಬೇಸಿಕ್ಕೇ ಗಟ್ಟಿ ಇಲ್ಲದವರು ಪುಸ್ತಕದಿಂದಲೇ ಶುರು ಮಾಡಬೇಕು. ಓಝೋನ್ ಪದರದ ಸಮಸ್ಯೆಗೂ ಹವಾಮಾನ ಬದಲಾವಣೆಗೂ ಇರುವ ವ್ಯತ್ಯಾಸವನ್ನು ಪುಸ್ತಕ ಮುಚ್ಚಿಟ್ಟು ಹೇಳಲು ನೋಡಿ. ಸಿಎಫ್‌ಸಿ ಅನಿಲಗಳು ಓಝೋನನ್ನು ಒಡೆಯುತ್ತವೆ, ಅದರಿಂದ ಅತಿನೇರಳೆ ಕಿರಣ ಜಾಸ್ತಿ ಒಳಬರುತ್ತದೆ. ಅದನ್ನು ತಡೆಯಲೆಂದೇ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಇಂಗಾಲದ ಡೈಆಕ್ಸೈಡ್, ಮೀಥೇನ್ ಶಾಖವನ್ನು ಹಿಡಿದಿಡುತ್ತವೆ, ಅದು ಬೇರೆಯೇ ಕಥೆ. ಇವೆರಡನ್ನೂ ಕಲಸಿಬಿಟ್ಟರೆ ವಾತಾವರಣದ ಘಟಕದಲ್ಲಿ ಬರೆದದ್ದೆಲ್ಲ ನೀರುಪಾಲು. ನಿಮಗೆ ಇಲ್ಲೇ ಗೊಂದಲ ಇದ್ದರೆ ಪೇಪರ್ ಬಿಡಿಸುವುದನ್ನು ಎರಡು ವಾರ ಮುಂದಕ್ಕೆ ಹಾಕಿ.

ಹಳೆಯ ಪೇಪರ್ ಆರಿಸುವಾಗ ಒಂದು ಎಚ್ಚರ ಬೇಕು. 2019ರಿಂದ ಪರೀಕ್ಷೆಯ ರಚನೆ ಬದಲಾಗಿದೆ. ಅದಕ್ಕೆ ಮುಂಚೆ ಶಾಲೆಯಲ್ಲೇ ಮಾಡಿ ಒಪ್ಪಿಸುವ ಕೋರ್ಸ್‌ವರ್ಕ್ ಇತ್ತು, ಅದು ಬೇಡ ಅನ್ನುವವರಿಗೆ ಪೇಪರ್ 4 ಇತ್ತು. ಹಾಗಾಗಿ 2018ರ ಪೇಪರ್ 1, 2 ಇಟ್ಟುಕೊಂಡು ಗಡಿಯಾರ ನೋಡುತ್ತಾ ಅಭ್ಯಾಸ ಮಾಡಿದರೆ ಪ್ರಯೋಜನವಿಲ್ಲ. ಅವುಗಳಿಂದ ಘಟಕವಾರು ಪ್ರಶ್ನೆಗಳನ್ನು ಆರಿಸಿಕೊಳ್ಳಬಹುದು, ಅಷ್ಟೇ. ಆದರೆ ಆ ಹಳೆಯ ಪೇಪರ್ 4 ಇದೆಯಲ್ಲ, ಅದು ಇವತ್ತಿನ ಪೇಪರ್ 2ಕ್ಕೆ ತುಂಬಾ ಹತ್ತಿರ. ಪೇಪರ್ 2ರಲ್ಲಿ ಅಂಕ ಕಳೆದುಕೊಳ್ಳುವವರು ಅದನ್ನು ಹುಡುಕಿ ಬಿಡಿಸಲಿ. ಹೊಸ ಮಾದರಿಯ ಇತ್ತೀಚಿನ ಎರಡು ಸೆಟ್‌ಗಳನ್ನು ಮಾತ್ರ ಮುಟ್ಟದೆ ಎತ್ತಿಡಿ. ಕೊನೆಯ ತಿಂಗಳಲ್ಲಿ ಬೇಕಾಗುತ್ತವೆ.

ಮಾರ್ಕ್ ಸ್ಕೀಮಿಗಿಂತಲೂ ಒಂದು ಒಳ್ಳೆಯ ದಾಖಲೆ ಇದೆ, ಮಕ್ಕಳು ಅದನ್ನು ತೆರೆಯುವುದೇ ಕಡಿಮೆ. ಅದು ಪ್ರತಿ ಪರೀಕ್ಷೆಯ ನಂತರ ಬರುವ ಎಕ್ಸಾಮಿನರ್ ರಿಪೋರ್ಟ್. ಮಕ್ಕಳು ಎಲ್ಲಿ ಎಡವಿದರು ಅಂತ ಪರೀಕ್ಷಕರೇ ಹೇಳಿರುತ್ತಾರೆ. "ಮಾಲಿನ್ಯ ಆಗುತ್ತದೆ", "ಪರಿಸರಕ್ಕೆ ಹಾನಿ" ಅನ್ನುವಂಥ ಅಸ್ಪಷ್ಟ ಉತ್ತರಗಳಿಗೆ ಅಂಕ ಸಿಗುವುದು ಕಷ್ಟ. ಯಾವ ಅನಿಲ, ಯಾವ ನೀರು, ಯಾವ ಪ್ರಾಣಿಗೆ ಏನಾಯಿತು ಅಂತ ಹೇಳಬೇಕು.

ನೋಟ್ಸ್ ಹೇಗಿರಬೇಕು

ಪುಟಗಟ್ಟಲೆ ನೋಟ್ಸ್, ಫ್ಲ್ಯಾಶ್ ಕಾರ್ಡ್, ಬಾಣದ ಚಿತ್ರಗಳು. ಮೂರರಲ್ಲಿ ನನ್ನ ಮತ ಬಾಣದ ಚಿತ್ರಕ್ಕೆ. ಈ ವಿಷಯದಲ್ಲಿ ಬಹುಪಾಲು ಉತ್ತರಗಳು ಕಾರಣ ಮತ್ತು ಪರಿಣಾಮದ ಸರಪಳಿಗಳು. ಯೂಟ್ರೊಫಿಕೇಷನ್ ತಗೊಳ್ಳಿ. ಹೊಲದ ಗೊಬ್ಬರವೋ ಊರಿನ ಕೊಳಚೆಯೋ ಕೆರೆಗೆ ಸೇರುತ್ತದೆ. ಪೋಷಕಾಂಶ ಹೆಚ್ಚಿ ಪಾಚಿ ಬೆಳೆಯುತ್ತದೆ. ಕೆಳಗಿನ ಗಿಡಗಳಿಗೆ ಬೆಳಕು ಸಿಗದೆ ಸಾಯುತ್ತವೆ. ಅವನ್ನು ಕೊಳೆಸುವ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ನೀರಿನಲ್ಲಿದ್ದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೀನು ಸಾಯುತ್ತವೆ. ಮಧ್ಯದ ಒಂದು ಕೊಂಡಿ ಬಿಟ್ಟರೂ ಅಂಕ ಹೋಯಿತು. ಮಕ್ಕಳು ಬಿಡುವುದು ಹೆಚ್ಚಾಗಿ ಬ್ಯಾಕ್ಟೀರಿಯಾದ ಕೊಂಡಿಯನ್ನು. "ಪಾಚಿ ಆಮ್ಲಜನಕ ತಿಂದುಬಿಡುತ್ತದೆ" ಅಂತ ಬರೆದು ಮುಗಿಸುತ್ತಾರೆ. ಬಾಣ ಹಾಕಿ ಚಿತ್ರ ಬಿಡಿಸಿದವರಿಗೆ ಆ ಕೊಂಡಿ ಕಣ್ಣಿಗೆ ಬಿದ್ದಿರುತ್ತದೆ.

ಪದಗಳ ಅರ್ಥಕ್ಕೆ ಮಾತ್ರ ಫ್ಲ್ಯಾಶ್ ಕಾರ್ಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ವಾಡ್ರಟ್, ಟ್ರಾನ್ಸೆಕ್ಟ್, ಪಿಟ್‌ಫಾಲ್ ಟ್ರ್ಯಾಪ್, ಪೂಟರ್ (ಗಿಡ, ಹುಳುಗಳನ್ನು ಎಣಿಸುವ, ಹಿಡಿಯುವ ಸಾಧನ, ವಿಧಾನಗಳು) ಇವೆಲ್ಲ ಯಾವುದಕ್ಕೆ ಬಳಸುತ್ತಾರೆ ಅಂತ ಕಾರ್ಡಿನಲ್ಲಿ ಬರೆದುಕೊಳ್ಳಿ. ಉದ್ದ ನೋಟ್ಸ್ ಬರೆಯುವುದು ಬೇಡ. ಪುಸ್ತಕವನ್ನೇ ಇನ್ನೊಮ್ಮೆ ನಕಲು ಮಾಡಿದ ಹಾಗಾಗುತ್ತದೆ, ಸಮಯ ತಿನ್ನುತ್ತದೆ.

ಉದಾಹರಣೆ ಪುಸ್ತಕದ್ದೋ, ನಮ್ಮ ಕಡೆಯದೋ?

ಉದ್ದ ಉತ್ತರಗಳಲ್ಲಿ ಉದಾಹರಣೆ ಕೊಟ್ಟವರ ಬರಹಕ್ಕೆ ತೂಕ ಬರುತ್ತದೆ. ಪುಸ್ತಕದಲ್ಲಿ ಬೇರೆ ದೇಶಗಳ ಉದಾಹರಣೆಗಳು ಇರುತ್ತವೆ, ಚೆನ್ನಾಗಿಯೇ ಇರುತ್ತವೆ. ಆದರೆ ಕರ್ನಾಟಕದ ಮಕ್ಕಳ ಕಣ್ಣೆದುರಿಗೇ ಈ ಸಿಲಬಸ್ಸಿನ ಎಷ್ಟೋ ಘಟಕಗಳು ನಡೆದುಹೋಗಿವೆ. ಅದನ್ನು ಬಳಸದೆ ಇರುವುದು ನನಗೆ ನಿಜವಾಗಿಯೂ ಬೇಸರ ತರಿಸುತ್ತದೆ.

ಖನಿಜದ ಘಟಕಕ್ಕೆ ಕೆಜಿಎಫ್ ಇದೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ಚಿನ್ನ ತೆಗೆದು 2001ರಲ್ಲಿ ಗಣಿ ಮುಚ್ಚಿದರು. ಕೆಲಸ ಹೋಯಿತು, ಸಯನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡಗಳು ಊರಿನ ಪಕ್ಕವೇ ಉಳಿದವು. ಗಾಳಿ ಬೀಸಿದಾಗ ಅದರ ಧೂಳು ಮನೆಗಳ ಮೇಲೆ ಬರುತ್ತದೆ. ಗಣಿ ಇದ್ದಾಗಿನ ಲಾಭ, ಮುಚ್ಚಿದ ಮೇಲಿನ ಆರ್ಥಿಕ ಪೆಟ್ಟು, ಪರಿಸರದ ಹಾನಿ ಮೂರೂ ಒಂದೇ ಊರಿನಲ್ಲಿ ಸಿಗುತ್ತವೆ. ಆ ಗಣಿಗೆ ವಿದ್ಯುತ್ ಕೊಡಲೆಂದೇ 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಶುರುವಾಯಿತು ಅನ್ನುವುದು ಇಂಧನದ ಘಟಕಕ್ಕೂ ಒದಗುತ್ತದೆ. ಕುದುರೆಮುಖ ಇನ್ನೊಂದು. ರಾಷ್ಟ್ರೀಯ ಉದ್ಯಾನದ ನಡುವೆ ಕಬ್ಬಿಣದ ಅದಿರು ತೆಗೆಯುತ್ತಿದ್ದರು, ಭದ್ರಾ ನದಿಗೆ ಹೂಳು ಸೇರುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಇಂಧನಕ್ಕೆ ಪಾವಗಡದ ಸೋಲಾರ್ ಪಾರ್ಕ್. 2,050 ಮೆಗಾವ್ಯಾಟ್ ಸಾಮರ್ಥ್ಯ, ಸುಮಾರು 13,000 ಎಕರೆ ಜಾಗ. ಭೂಮಿಯನ್ನು ರೈತರಿಂದ ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಮಳೆಯೇ ಸರಿಯಾಗಿ ಬಾರದ ತಾಲ್ಲೂಕಿನಲ್ಲಿ ಜಮೀನು ಇದ್ದವರಿಗೆ ವರ್ಷ ವರ್ಷ ಬಾಡಿಗೆ ಸಿಗುತ್ತದೆ. ಜಮೀನಿಲ್ಲದೆ ಕೂಲಿ ಮಾಡುತ್ತಿದ್ದವರಿಗೆ ಹೊಲದ ಕೆಲಸ ಹೋಯಿತು. "ಸೌರಶಕ್ತಿಯಿಂದ ಎಲ್ಲರಿಗೂ ಒಳ್ಳೆಯದೇ. ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?" ಅಂತ ಕೇಳಿದರೆ ಎರಡು ಕಡೆಯ ವಾದಕ್ಕೂ ಈ ಒಂದೇ ಉದಾಹರಣೆ ಸಾಕು.

ನೀರಿನ ಘಟಕಕ್ಕೆ ತುಂಗಭದ್ರಾ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಇಷ್ಟನ್ನು ಬಳಸಿ ನಿಮಗೆ ಒಂದು ಲೆಕ್ಕವೂ ಸಿಕ್ಕಿತು: ಶೇಕಡಾ ಎಷ್ಟು ಕಡಿಮೆಯಾಯಿತು? 28ನ್ನು 133ರಿಂದ ಭಾಗಿಸಿ, 100ರಿಂದ ಗುಣಿಸಿ, ಸುಮಾರು 21. ಮಕ್ಕಳು 105ರಿಂದ ಭಾಗಿಸಿ 27 ಅಂತ ಬರೆಯುತ್ತಾರೆ. ಶೇಕಡಾ ಬದಲಾವಣೆಗೆ ಯಾವಾಗಲೂ ಮೊದಲಿದ್ದ ಸಂಖ್ಯೆಯಿಂದಲೇ ಭಾಗಿಸಬೇಕು. ಅದೇ ಅಚ್ಚುಕಟ್ಟು ಪ್ರದೇಶದ ಕೆಲವು ಕಡೆ ಜಾಸ್ತಿ ನೀರು ಹರಿಸಿ ಭೂಮಿ ಸವುಳಾಗಿದೆ. ಅದು ಕೃಷಿ ಘಟಕದ ಸಲೈನೈಸೇಷನ್‌ಗೆ ಸರಿಯಾದ ಉದಾಹರಣೆ.

ಮೀನುಗಾರಿಕೆಗೆ ಕರಾವಳಿಯ ಮಳೆಗಾಲದ ನಿಷೇಧ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನಿನ ಸಂತಾನ ಉಳಿಯುತ್ತದೆ. ಆದರೆ ಆ ಎರಡು ತಿಂಗಳು ಬೋಟಿನ ಕೆಲಸಗಾರರಿಗೆ ದುಡಿಮೆ ಇಲ್ಲ. ಇದರ ಪಕ್ಕಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಇಡಿ. ಅಲ್ಲಿ ಕಾಡ್ ಮೀನನ್ನು ಮಿತಿಮೀರಿ ಹಿಡಿದು, 1992ರಲ್ಲಿ ಕಾಡ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಮೊದಲೇ ನಿಯಂತ್ರಿಸುವುದು, ಕೈಮೀರಿದ ಮೇಲೆ ನಿಲ್ಲಿಸುವುದು, ಎರಡರ ವ್ಯತ್ಯಾಸ ತಾನಾಗಿಯೇ ಕಾಣುತ್ತದೆ.

ಎಲ್ಲ ಘಟಕಕ್ಕೂ ನಮ್ಮ ನೆಲದ ಉದಾಹರಣೆ ಸಾಲುವುದಿಲ್ಲ. ಕರ್ನಾಟಕದಲ್ಲಿ ಜ್ವಾಲಾಮುಖಿ ಇಲ್ಲ, ದೊಡ್ಡ ಭೂಕಂಪವೂ ಆಗಿಲ್ಲ. ವಿಕೋಪದ ಘಟಕಕ್ಕೆ 2010ರ ಹೈಟಿ ಮತ್ತು ಚಿಲಿ ಜೋಡಿಯನ್ನು ಓದಿ. ಹೈಟಿಯ ಭೂಕಂಪ 7.0, ಚಿಲಿಯದು 8.8. ಆದರೂ ಸತ್ತವರು ಹೈಟಿಯಲ್ಲೇ ಎಷ್ಟೋ ಪಟ್ಟು ಹೆಚ್ಚು. ಕಟ್ಟಡದ ಗುಣಮಟ್ಟ, ಬಡತನ, ಜನಸಾಂದ್ರತೆ, ಭೂಕಂಪದ ಕೇಂದ್ರ ಎಷ್ಟು ಹತ್ತಿರ ಇತ್ತು ಅನ್ನುವುದು, ಎಲ್ಲವನ್ನೂ ಇದರಿಂದಲೇ ವಿವರಿಸಬಹುದು. ಪ್ರವಾಹಕ್ಕೆ ಮಾತ್ರ ನಮ್ಮಲ್ಲೇ ಇದೆ: 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಕೃಷ್ಣಾ, ಮಲಪ್ರಭಾ ತುಂಬಿ ಹರಿದದ್ದು.

ಪರೀಕ್ಷಕರಿಗೆ ಪಾವಗಡ ಎಲ್ಲಿದೆ ಅಂತ ಗೊತ್ತಿರುತ್ತದಾ ಅಂತ ಮಕ್ಕಳು ಕೇಳುತ್ತಾರೆ. "ದಕ್ಷಿಣ ಭಾರತದ ಕರ್ನಾಟಕ ರಾಜ್ಯದಲ್ಲಿ" ಅಂತ ನಾಲ್ಕು ಪದ ಸೇರಿಸಿದರೆ ಆಯಿತು. ಗಲ್ಫ್‌ನಲ್ಲಿರುವವರಿಗೆ ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಡಿಸಲೈನೇಷನ್ ಕಣ್ಣೆದುರಿಗೇ ಇದೆ, ಅದನ್ನು ಬಳಸಲಿ.

ಟ್ಯೂಷನ್, ವಿಡಿಯೊ, ಗೆಳೆಯರು

ಟ್ಯೂಷನ್ ಬೇಕಾ? ರಾಜ್ಯ ಪಠ್ಯಕ್ರಮದ ಎಸ್‌ಎಸ್‌ಎಲ್‌ಸಿಯಲ್ಲಿ ಈ ಹೆಸರಿನ ಪ್ರತ್ಯೇಕ ವಿಷಯ ಇಲ್ಲ. ಹಾಗಾಗಿ ಜಿಯಾಗ್ರಫಿ ಅಥವಾ ಬಯಾಲಜಿ ಹೇಳಿಕೊಡುವವರೇ ಇದನ್ನೂ ತೆಗೆದುಕೊಳ್ಳುತ್ತಾರೆ. ಸೇರಿಸುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: "ಮಕ್ಕಳು ಬರೆದ ಉತ್ತರವನ್ನು ಮಾರ್ಕ್ ಸ್ಕೀಮ್ ಪ್ರಕಾರ ತಿದ್ದಿ ಕೊಡ್ತೀರಾ?" ಹೌದು ಅಂದರೆ ದುಡ್ಡು ಕೊಡಬಹುದು. ಇನ್ನೊಮ್ಮೆ ಪಾಠವನ್ನೇ ಮಾಡುತ್ತೇವೆ ಅಂದರೆ ಬೇಡ. ಅದನ್ನು ಪುಸ್ತಕವೂ ವಿಡಿಯೊವೂ ಪುಕ್ಕಟೆಯಾಗಿ ಮಾಡುತ್ತವೆ.

ವಿಡಿಯೊ ನೋಡುವುದು ಭೂಫಲಕ, ಎಲ್ ನಿನೊ, ಚಂಡಮಾರುತ ಹುಟ್ಟುವ ರೀತಿ ಇಂಥವಕ್ಕೆ ಒಳ್ಳೆಯದು. ಚಲನೆ ಇರುವುದನ್ನು ಚಲನೆಯಲ್ಲೇ ನೋಡಬೇಕು. ಉಳಿದವಕ್ಕೆ ಅಷ್ಟೇನೂ ಬೇಕಿಲ್ಲ.

ಗೆಳೆಯರ ಜೊತೆ ಓದುವುದಾದರೆ ಇಬ್ಬರು ಸಾಕು. ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದಿ. ಬೇರೆಯವರ ಉತ್ತರದಲ್ಲಿ ಕೊರತೆ ಬೇಗ ಕಾಣುತ್ತದೆ, ಅಲ್ವಾ? ಅದೇ ಕಣ್ಣು ಆಮೇಲೆ ನಮ್ಮ ಉತ್ತರದ ಮೇಲೂ ಬೀಳುತ್ತದೆ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. "ನಾವು ಕನ್ನಡ ಮೀಡಿಯಂ, ನಮಗೆ ಇದೆಲ್ಲ ಗೊತ್ತಾಗಲ್ಲ" ಅಂತ ದೂರ ನಿಲ್ಲಬೇಡಿ. ಬೋರ್‌ವೆಲ್ ವರ್ಷ ವರ್ಷ ಎಷ್ಟು ಆಳಕ್ಕೆ ಹೋಯಿತು, ಹೊಲದಲ್ಲಿ ರಾಗಿ ಬಿಟ್ಟು ಅಡಿಕೆ ಯಾಕೆ ಹಾಕಿದರು, ಕೆರೆ ಯಾಕೆ ಬತ್ತಿತು, ಇವೆಲ್ಲ ಈ ಪರೀಕ್ಷೆಯ ವಿಷಯಗಳೇ. ಊರಲ್ಲಿರುವ ತಾತ, ಅಜ್ಜಿಗೆ ಪುಸ್ತಕಕ್ಕಿಂತ ಜಾಸ್ತಿ ಗೊತ್ತಿರುತ್ತದೆ. ಕನ್ನಡದಲ್ಲಿ ಮಾತಾಡಲಿ, ಕಾರಣಗಳನ್ನು ಕನ್ನಡದಲ್ಲೇ ಜೋಡಿಸಲಿ, ಆಮೇಲೆ ಇಂಗ್ಲಿಷ್‌ನಲ್ಲಿ ಬರೆಯಲಿ. ಅರ್ಥವಾದದ್ದು ಯಾವ ಭಾಷೆಯಲ್ಲಾದರೂ ಬರೆಯಲು ಬರುತ್ತದೆ.

ನಿಮ್ಮ ಹತ್ತಿರ ಎಷ್ಟು ಸಮಯ ಇದೆ?

ಆರು ತಿಂಗಳು ಇದ್ದರೆ ಮೇಲೆ ಹೇಳಿದ ಹಾಗೆ ಘಟಕ ಓದಿ, ಪ್ರಶ್ನೆ ಬಿಡಿಸಿ, ಮುಂದಕ್ಕೆ ಹೋಗಿ. ಒಂಬತ್ತು ಘಟಕಗಳಿಗೆ ನಾಲ್ಕು ತಿಂಗಳು, ಪೂರ್ತಿ ಪೇಪರ್‌ಗಳಿಗೆ ಎರಡು ತಿಂಗಳು.

ಎರಡೇ ತಿಂಗಳು ಇದ್ದರೆ ಮೊದಲ ದಿನವೇ ಎರಡೂ ಪೇಪರ್‌ಗಳ ಒಂದು ಪೂರ್ತಿ ಸೆಟ್ ಬರೆದುಬಿಡಿ. ತಿದ್ದುವಾಗ ಕಳೆದುಕೊಂಡ ಪ್ರತಿ ಅಂಕದ ಪಕ್ಕ ಮೂರರಲ್ಲಿ ಒಂದನ್ನು ಬರೆಯಿರಿ: ವಿಷಯ ಗೊತ್ತಿರಲಿಲ್ಲ, ಕೊಟ್ಟ ಅಂಕಿಅಂಶ ಸರಿಯಾಗಿ ಓದಲಿಲ್ಲ, ಗೊತ್ತಿದ್ದೂ ಬಿಡಿಸಿ ಬರೆಯಲಿಲ್ಲ. ಮೊದಲನೆಯದು ಹೆಚ್ಚಿದ್ದರೆ ಪುಸ್ತಕ ಹಿಡಿಯಿರಿ. ಎರಡನೆಯದು ಹೆಚ್ಚಿದ್ದರೆ ಪೇಪರ್ 2, ಹಳೆಯ ಪೇಪರ್ 4. ಮೂರನೆಯದಾದರೆ ಮಾರ್ಕ್ ಸ್ಕೀಮ್ ಪಕ್ಕ ಇಟ್ಟುಕೊಂಡು ದಿನಕ್ಕೆ ನಾಲ್ಕೈದು ಉತ್ತರ ಬರೆದು ತಿದ್ದುವುದು. ಯಾವ ದಾರಿ ನಿಮಗೆ ಸರಿ ಅಂತ ಯಾರನ್ನೂ ಕೇಳಬೇಕಿಲ್ಲ, ಆ ಪಟ್ಟಿಯೇ ಹೇಳುತ್ತದೆ.

ಎರಡು ವಾರ ಮಾತ್ರ ಉಳಿದಿದ್ದರೆ ಹೊಸದಾಗಿ ಏನನ್ನೂ ಶುರು ಮಾಡಬೇಡಿ. ಪ್ರಶ್ನೆಯಲ್ಲಿ ಏನು ಮಾಡಲು ಹೇಳಿದ್ದಾರೆ ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ. 'ಡಿಸ್ಕ್ರೈಬ್' ಅಂದರೆ ಗ್ರಾಫ್‌ನಲ್ಲಿ ಕಂಡದ್ದನ್ನು ಸಂಖ್ಯೆ ಸಮೇತ ಹೇಳುವುದು, ಕಾರಣ ಬೇಡ. 'ಎಕ್ಸ್‌ಪ್ಲೇನ್' ಅಂದರೆ ಕಾರಣ ಕೊಡಲೇಬೇಕು. 'ಸಜೆಸ್ಟ್' ಅಂದರೆ ಪುಸ್ತಕದಲ್ಲಿ ಇಲ್ಲದಿದ್ದರೂ ಯೋಚಿಸಿ ಹೇಳುವುದು, ಅದನ್ನು ಖಾಲಿ ಬಿಡಬಾರದು. ಲೆಕ್ಕದಲ್ಲಿ ಹೆಜ್ಜೆಗಳನ್ನು ತೋರಿಸಿ, ಯೂನಿಟ್ ಬರೆಯಿರಿ. ಗ್ರಾಫ್‌ಗೆ ಎರಡೂ ಅಕ್ಷಗಳ ಹೆಸರು, ಸಮ ಅಂತರದ ಸ್ಕೇಲ್ ಬೇಕು. 105 ನಿಮಿಷಕ್ಕೆ 80 ಅಂಕ, ಅಂದರೆ ಒಂದು ಅಂಕಕ್ಕೆ ಸುಮಾರು 80 ಸೆಕೆಂಡು. ಎರಡು ಅಂಕದ ಪ್ರಶ್ನೆಗೆ ಅರ್ಧ ಪುಟ ಬರೆಯುವ ಅಭ್ಯಾಸ ಇದ್ದರೆ ಈಗಲೇ ಬಿಡಿ.

ಪೇಪರ್ 1 ಮುಗಿದು ಪೇಪರ್ 2 ಬರುವ ತನಕ ನಡುವೆ ಬಿಡುವು ಸಿಕ್ಕರೆ, ಬರೆದು ಬಂದ ಪ್ರಶ್ನೆಗಳ ಚರ್ಚೆಯಲ್ಲಿ ಆ ದಿನಗಳನ್ನು ಕಳೆಯಬೇಡಿ. ಸ್ಯಾಂಪ್ಲಿಂಗ್ ವಿಧಾನ, ಪ್ರಶ್ನಾವಳಿ ತಯಾರಿಸುವ ಕ್ರಮ, ಪೈಲಟ್ ಸರ್ವೆ (ಮೊದಲು ಸಣ್ಣದಾಗಿ ಮಾಡಿ ನೋಡುವ ಸರ್ವೆ) ಯಾಕೆ ಮಾಡುತ್ತಾರೆ ಅನ್ನುವುದು, ಸರಾಸರಿ ಮತ್ತು ಶೇಕಡಾ ಲೆಕ್ಕ, ಇಷ್ಟನ್ನು ಓದಿಕೊಳ್ಳಿ. ಪೆನ್ಸಿಲ್, ರಬ್ಬರ್, ಸ್ಕೇಲ್, ಕೋನಮಾಪಕ, ಕ್ಯಾಲ್ಕುಲೇಟರ್ ಹಿಂದಿನ ರಾತ್ರಿಯೇ ಚೀಲಕ್ಕೆ ಹಾಕಿಟ್ಟುಕೊಳ್ಳಿ.